ರಾಯಚೂರಿನ ಲೈನ್ ಸಿಗದ ದಿನ

ನಮ್ಮ ಮಾವನಿಗೆ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ಸಿಂಧನೂರು, ರಾಯಚೂರಲ್ಲೂ ಒಂದೊಂದು ಅಂಗಡಿ. ಮೊಬೈಲ್ ಬರುವ ಮುಂಚಿನ ಮಾತು. ಮೂರೂ ಕಡೆ ಒಂದೇ ದರಪಟ್ಟಿ. ಸೋನಾ ಮಸೂರಿ ಎಷ್ಟು ಅಂತ ಯಾರು ಕೇಳಿದರೂ ಗುಮಾಸ್ತ ಥಟ್ಟನೆ ಹೇಳುತ್ತಿದ್ದ. ಕಷ್ಟ ಇದ್ದದ್ದು ದರ ಬದಲಾದ ದಿನ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ರಾಯಚೂರಿನ ಲೈನ್ ಸಿಗುವಷ್ಟರಲ್ಲಿ ಅಲ್ಲಿ ಹಳೇ ದರಕ್ಕೇ ಮಾಲು ಹೋಗಿರುತ್ತಿತ್ತು.

ಸಾವಿರಾರು ಕಂಪ್ಯೂಟರ್ ಸೇರಿ ದುಡಿಯುವ ಕಡೆಯೂ ಇದೇ ಪೇಚಾಟ. ಅಷ್ಟು ಯಂತ್ರ ಇದ್ದಾಗ ಯಾವುದೋ ಒಂದು ಕೆಟ್ಟೇ ಕೆಡುತ್ತದೆ. ಅದಕ್ಕೇ ನಕಲು ಬೇಕು. 2003ರಲ್ಲಿ ಗೂಗಲ್ ತನ್ನ ಫೈಲ್ ವ್ಯವಸ್ಥೆಯನ್ನು ವಿವರಿಸಿದಾಗ, ಮಾಹಿತಿಯನ್ನು 64 ಮೆಗಾಬೈಟ್ ತುಂಡು ಮಾಡಿ ಪ್ರತಿ ತುಂಡಿಗೂ 3 ನಕಲು ಇಡುತ್ತಿತ್ತು. ಇದರಿಂದ ಓದುವ ಕೆಲಸ ಹಂಚಿಹೋಗುತ್ತದೆ. ಮಾಹಿತಿ ಎಲ್ಲಿದೆಯೋ ಅಲ್ಲಿಗೇ ಲೆಕ್ಕವನ್ನು ಕಳಿಸಬಹುದು.

ಬರೆಯೋದು ಮಾತ್ರ ದುಬಾರಿ. ಮೂರೂ ನಕಲು ತಿದ್ದುವವರೆಗೆ ಕಾದರೆ, ಇಡೀ ವ್ಯವಸ್ಥೆ ಅತಿ ನಿಧಾನದ ಯಂತ್ರದ ವೇಗಕ್ಕೆ ಇಳಿಯುತ್ತದೆ. ಒಂದೇ ತಿದ್ದಿ ಮುಂದೆ ಹೋದರೆ, ಯಾರೋ ಹಳೇದನ್ನು ಓದುತ್ತಾರೆ.

ನಡುವಿನ ದಾರಿ ನನಗೆ ತುಂಬಾ ಇಷ್ಟ. ಬರೆಯುವಾಗ ಮೂರರಲ್ಲಿ ಎರಡು ಕಡೆ ಬರೆ. ಓದುವಾಗಲೂ ಎರಡು ಕಡೆ ಕೇಳು. ಎರಡಕ್ಕೆ ಎರಡು ಸೇರಿದರೆ ನಾಲ್ಕು, ಇರೋದೇ ಮೂರು ಅಂಗಡಿ. ಅಂದರೆ ಒಂದು ಅಂಗಡಿಯಾದರೂ ಎರಡರಲ್ಲೂ ಬರಲೇಬೇಕು, ಅಲ್ವಾ? ಗಂಗಾವತಿ, ಸಿಂಧನೂರಿಗೆ ಹೊಸ ದರ ಗೊತ್ತಾದರೆ ಸಾಕು. ರಾಯಚೂರಿನ ಗುಮಾಸ್ತ ತನ್ನ ಪಟ್ಟಿಯ ಜೊತೆಗೆ ಈ ಎರಡರಲ್ಲಿ ಯಾರನ್ನು ವಿಚಾರಿಸಿದರೂ ಸರಿಯಾದ ದರವೇ ಸಿಗುತ್ತದೆ. ದರದ ಪಕ್ಕ ಎಷ್ಟನೇ ಪಟ್ಟಿ ಅಂತ ನಂಬರ್ ಇರಬೇಕು, ಅಷ್ಟೇ. ಗಡಿಯಾರ ನೋಡಿ ಹೊಸದು ಹಳೇದು ತೀರ್ಮಾನಿಸೋದು ಕಂಪ್ಯೂಟರ್‌ಗಳಲ್ಲೂ ಅಪಾಯ. ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಿಸೋದಿಲ್ಲ.

ರಾಯಚೂರಿನ ಲೈನ್ ಪೂರ್ತಿ ಸತ್ತರೆ? ಆಗ ಹಳೇ ದರಕ್ಕೆ ಮಾರಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಎತ್ತಿ ತೋರಿಸಿದ ಇಕ್ಕಟ್ಟು ಇದೇ. 2002ರಲ್ಲಿ ಅದಕ್ಕೆ ಗಣಿತದ ಪುರಾವೆಯೂ ಬಂತು. ಅಮೆಜಾನ್ ಮಾಹಿತಿ ಇಡುವ ತನ್ನ ಡೈನಮೋ ವ್ಯವಸ್ಥೆಯಲ್ಲಿ ಅಂಗಡಿ ಮುಚ್ಚೋದೇ ಬೇಡ ಅಂದಿತು. ಗಿರಾಕಿ ಬುಟ್ಟಿಗೆ ಏನು ಹಾಕಿದರೂ ಒಪ್ಪಿಕೊಳ್ಳುತ್ತಿತ್ತು. ಬುಟ್ಟಿಯಿಂದ ತೆಗೆದ ಸಾಮಾನು ಒಮ್ಮೊಮ್ಮೆ ಮತ್ತೆ ಪ್ರತ್ಯಕ್ಷ ಆಗುತ್ತಿತ್ತು, ಅದನ್ನು ಸಹಿಸಿಕೊಂಡಿತು.

ಮಾವ ಇದ್ಯಾವುದನ್ನೂ ಓದಿದವನಲ್ಲ. ರಾಯಚೂರಿನ ಗುಮಾಸ್ತನಿಗೆ ಅವನು ಹೇಳಿದ್ದು ಇಷ್ಟೇ: ಲೈನ್ ಇಲ್ಲದಾಗ ಐದು ಹತ್ತು ಸೇರು ಕೇಳಿದವರಿಗೆ ಹಳೇ ದರಕ್ಕೇ ಕೊಡು. ಲಾರಿ ತಂದವರಿಗೆ ಚಹಾ ಕುಡಿಸಿ ಕೂರಿಸು.