ಓದುಗರ ಪ್ರಶ್ನೆ: ಮಾರಿದ ರೈಫಲ್‌ನ ಬೇರೆ ಸ್ಟೇಟಿಗೆ ಕಳ್ಸೋದು ಹೇಗೆ, ಕೊರಿಯರ್‌ನವ್ರು ಮುಟ್ತಾನೇ ಇಲ್ಲ?

ಪ್ರಶ್ನೆ: ನಾನಿರೋದು ಟೆಕ್ಸಾಸ್‌ನಲ್ಲಿ, ಸಿಟಿಜನ್ ಆಗಿ ಆರು ವರ್ಷ ಆಯ್ತು. ನನ್ನ ಹಳೇ ಬೋಲ್ಟ್ ಆಕ್ಷನ್ ರೈಫಲ್‌ನ ಒಹಾಯೋದಲ್ಲಿರೋ ಒಬ್ರಿಗೆ ಮಾರಿದೀನಿ, ದುಡ್ಡೂ ಬಂತು. ಪ್ಯಾಕ್ ಮಾಡಿ ಕೊರಿಯರ್ ಅಂಗಡಿಗೆ ತಗೊಂಡೋದ್ರೆ ಒಳಗೇನಿದೆ ಅಂದ್ರು, ಗನ್ ಅಂದ ತಕ್ಷಣ ಬಾಕ್ಸನ್ನ ನನ್ ಕಡೆಗೇ ತಳ್ಳಿದ್ರು. ನಾನೇನು ಕಳ್ಳಮಾಲು ಮಾರ್ತಿದೀನಾ? ಅವ್ರ ಮನೆಗೆ ಇದನ್ನ ಕಳ್ಸೋದು ಹೇಗೆ?

ಉತ್ತರ: ಸರ್, ಅವ್ರ ಮನೆಗೆ ಕಳ್ಸೋ ಹಾಗೇ ಇಲ್ಲ. ಮೊದ್ಲು ಅದನ್ನ ತಲೆಯಿಂದ ತೆಗೀರಿ. ಕೊರಿಯರ್ ಅಂಗಡಿಯವ್ನು ತಳ್ಳಿದ್ದು ನಿಮ್ಮ ಅದೃಷ್ಟ ಅಂತಾನೇ ನಾನು ಹೇಳ್ತೀನಿ, ಯಾಕಂದ್ರೆ ಒಂದು ಸ್ಟೇಟಿನ ಸಾಮಾನ್ಯ ವ್ಯಕ್ತಿ ಇನ್ನೊಂದು ಸ್ಟೇಟಿನ ಸಾಮಾನ್ಯ ವ್ಯಕ್ತಿಗೆ ನೇರವಾಗಿ ಗನ್ ಕೊಡೋದು ಫೆಡರಲ್ ಅಪರಾಧ, ಗೊತ್ತಿದ್ದೂ ಮಾಡಿದ್ರೆ 5 ವರ್ಷದವರೆಗೂ ಜೈಲು. ಪಾರ್ಸೆಲ್ ಹೋಗ್ಬೇಕಾಗಿರೋದು ಲೈಸೆನ್ಸ್ ಇರೋ ಡೀಲರ್ ಹತ್ರ, ಎಲ್ರೂ ಎಫ್‌ಎಫ್‌ಎಲ್ ಅಂತಾರಲ್ಲ ಅವ್ರೇ. ಒಹಾಯೋದಲ್ಲಿ ನಿಮ್ಮ ಗಿರಾಕಿ ಆರಿಸ್ಕೊಂಡ ಡೀಲರ್ ಅಂಗಡಿಗೆ ಅದು ಹೋಗುತ್ತೆ, ಅವ್ರು ಅಲ್ಲಿಗೆ ಹೋಗಿ, ಡೀಲರ್ ಹತ್ರ ಗನ್ ತಗೊಳ್ಳೋರು ತುಂಬೋ 4473 ಅನ್ನೋ ಫೆಡರಲ್ ಫಾರ್ಮ್ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಪಾಸಾಗಿ, ಡೀಲರ್‌ಗೆ ಟ್ರಾನ್ಸ್‌ಫರ್ ಫೀ ಕೊಟ್ಟು ಎತ್ಕೊಂಡು ಹೋಗ್ತಾರೆ.

ಇಷ್ಟೆಲ್ಲಾ ತಲೆನೋವು ಯಾಕೆ ಅಂದ್ರೆ ಅದಕ್ಕೊಂದು ಕಥೆ ಇದೆ. 1963ರ ಮಾರ್ಚ್‌ನಲ್ಲಿ ಶಿಕಾಗೋದ ಒಂದು ಸ್ಪೋರ್ಟಿಂಗ್ ಗೂಡ್ಸ್ ಅಂಗಡಿಗೆ ಪೋಸ್ಟಲ್ಲಿ ಒಂದು ಆರ್ಡರ್ ಬಂತು, 19.95 ಡಾಲರಿನ ಇಟಲಿ ರೈಫಲ್ಲು, ಮೇಲೆ 1.50 ಪೋಸ್ಟೇಜು, ಹೆಸರು ಎ. ಹಿಡೆಲ್, ವಿಳಾಸ ಡಲ್ಲಾಸ್‌ನ ಒಂದು ಪೋಸ್ಟ್ ಬಾಕ್ಸು. ಹೆಸರು ಸುಳ್ಳು. ತರಿಸ್ಕೊಂಡಿದ್ದು ಲೀ ಹಾರ್ವಿ ಆಸ್ವಾಲ್ಡ್, ಅದೇ ವರ್ಷ ನವೆಂಬರಲ್ಲಿ ಅಧ್ಯಕ್ಷ ಜಾನ್ ಕೆನಡಿ ಮೇಲೆ ಹಾರಿದ್ದು ಅದೇ ರೈಫಲ್ಲಿನ ಗುಂಡು. ನಮ್ಮೂರಲ್ಲಿ ಬೀಜದ ಪ್ಯಾಕೆಟ್ ವಿ.ಪಿ.ಪಿ. ತರಿಸ್ಕೊಂಡಷ್ಟೇ ಸಲೀಸು ಇತ್ತು ಆಗ. ಕಾನೂನು ಬರೋಕೆ ಮಾತ್ರ ಇನ್ನೂ ಐದು ವರ್ಷ ಹಿಡೀತು, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ರೂ ಗುಂಡಿಗೆ ಬಲಿಯಾದ್ಮೇಲೆ ಅಕ್ಟೋಬರಲ್ಲಿ ಗನ್ ಕಂಟ್ರೋಲ್ ಆಕ್ಟ್‌ಗೆ ಸಹಿ ಬಿತ್ತು. ಸ್ಟೇಟ್ ದಾಟೋ ಗನ್ ಯಾವ್ದೇ ಇರ್ಲಿ ಮಧ್ಯದಲ್ಲಿ ಲೈಸೆನ್ಸ್ ಇರೋನು ಒಬ್ಬ ನಿಂತ್ಕೊಂಡು ಮುಖ ನೋಡಿ ಗುರುತಿನ ಚೀಟಿ ನೋಡಿ ಕೊಡ್ಬೇಕು ಅನ್ನೋದು ಅಲ್ಲಿಂದ ಬಂದಿದ್ದು.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ಡೀಲರ್‌ಗೆ ಕಳ್ಸೋಕೆ ನಿಮಗೆ ಕಾನೂನಿನ ಅಡ್ಡಿ ಏನೂ ಇಲ್ಲ, ಯಾವ ಸ್ಟೇಟಿನ ಎಫ್‌ಎಫ್‌ಎಲ್‌ಗೆ ಬೇಕಾದ್ರೂ ನೀವೇ ಕಳ್ಸಬಹುದು. ಅಡ್ಡಿ ಇರೋದು ಸಾಗಿಸೋ ಕಂಪನಿಗಳದ್ದು. ಯುಪಿಎಸ್ಸು, ಫೆಡೆಕ್ಸು ಎರಡೂ ಮುಂಚೆ ಖಾಸಗಿ ಜನರ ಪಾರ್ಸೆಲ್ಲನ್ನೂ ತಗೊಳ್ತಿದ್ವು, ಈಗ ಲೈಸೆನ್ಸ್ ಇದ್ದು ಅವ್ರ ಜೊತೆ ಬೇರೆ ಅಗ್ರಿಮೆಂಟ್ ಮಾಡ್ಕೊಂಡಿರೋರದ್ದು ಮಾತ್ರ. ಹಾಗಾಗಿ ಇಂಟರ್ನೆಟ್ಟಲ್ಲಿ ಸಿಗೋ ಐದಾರು ವರ್ಷದ ಹಿಂದಿನ ಸಲಹೆ ಓದ್ಕೊಂಡು ಕೌಂಟರ್‌ಗೆ ಹೋದ್ರೆ ನಿಮಗಾದ ಹಾಗೇ ಆಗೋದು. ಒಳಗಡೆ ಮೆಷಿನ್ ಪಾರ್ಟ್ಸ್ ಇದೆ ಅಂತ ಸುಳ್ಳು ಹೇಳಿ ಕಳ್ಸಿಬಿಡಿ ಅನ್ನೋರೂ ಇದಾರೆ, ದಯವಿಟ್ಟು ಬೇಡ, ಪಾರ್ಸೆಲ್ ಕಳೆದೋದ್ರೆ ಇನ್ಶೂರೆನ್ಸ್ ಕೇಳೋಕೂ ನಿಮಗೆ ಬಾಯಿರಲ್ಲ.

ನಿಮ್ಮದು ರೈಫಲ್ ಆಗಿರೋದ್ರಿಂದ ಪೋಸ್ಟ್ ಆಫೀಸ್ ಒಂದು ದಾರಿ ಇದೆ. ರೈಫಲ್, ಶಾಟ್‌ಗನ್ ಆದ್ರೆ ಸಾಮಾನ್ಯ ವ್ಯಕ್ತಿನೂ ಇನ್ನೊಂದು ಸ್ಟೇಟಿನ ಡೀಲರ್‌ಗೆ ಅಂಚೆಯಲ್ಲಿ ಕಳ್ಸಬಹುದು. ಹ್ಯಾಂಡ್‌ಗನ್ ಬೇರೆ ಲೆಕ್ಕ, 1927ರಲ್ಲೇ ಅದನ್ನ ಅಂಚೆಯಿಂದ ಹೊರಗಿಡೋ ಕಾನೂನು ಬಂತು, ಅದರ ತಂಟೆಗೆ ಹೋಗ್ದೆ ಡೀಲರ್ ಕೈಗೇ ಕೊಡಿ. ರೈಫಲ್ ಕಳ್ಸೋದಾದ್ರೆ ಖಾಲಿ ಇರ್ಬೇಕು, ಗುಂಡು ಕೂರೋ ಚೇಂಬರ್ ಎರಡು ಸಲ ನೋಡಿ, ಬೋಲ್ಟ್ ಬಿಚ್ಚಿ ಬೇರೆ ಸುತ್ತಿಡೋದು ಒಳ್ಳೇದು. ಒಂದು ಗುಂಡು ಕೂಡಾ ಬಾಕ್ಸಲ್ಲಿ ಇರ್ಬಾರ್ದು, ಗುಂಡು ಅಂಚೆಯಲ್ಲಿ ಹೋಗೋ ಹಾಗೇ ಇಲ್ಲ. ಟ್ರ್ಯಾಕಿಂಗ್ ಮತ್ತೆ ಸಹಿ ಎರಡೂ ಹಾಕಿಸಿ. ಬಾಕ್ಸಿನ ಮೇಲೆ ಮಾತ್ರ ಒಳಗೆ ಗನ್ ಇದೆ ಅಂತ ಗೊತ್ತಾಗೋ ಏನನ್ನೂ ಬರೀಬೇಡಿ, ಗನ್ ಕಂಪನಿ ಹೆಸರಿರೋ ಹಳೇ ಡಬ್ಬಾನೂ ಬೇಡ, ಕಳ್ಳರಿಗೆ ನಾವೇ ಕರೆಯೋಲೆ ಕೊಟ್ಟಂಗೆ.

ಆದ್ರೂ ನನ್ನ ಕೇಳಿದ್ರೆ ಇನ್ನೊಂದು ದಾರಿನೇ ನಿಶ್ಚಿಂತೆ. ನಿಮ್ಮೂರಿನ ಡೀಲರ್ ಹತ್ರ ರೈಫಲ್ ತಗೊಂಡೋಗಿ ಕೊಡಿ, ಅವ್ರು ನಿಮ್ಮ ಐಡಿ ನೋಡಿ ಅವ್ರ ಪುಸ್ತಕದಲ್ಲಿ ಬರ್ಕೊಂಡು ಒಹಾಯೋ ಡೀಲರ್‌ಗೆ ಕಳ್ಸ್ತಾರೆ, ಕೊಡೋಕೆ ನೀವು 4473 ತುಂಬ್ಬೇಕಿಲ್ಲ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತೆ ನಿಜ. ನಾನು ಒಂದ್ಸಲ ಉಳಿಸೋಕೆ ಹೋಗಿ ನಾನೇ ಕಳ್ಸಿದ್ದೆ, ಆ ಕಡೆ ಡೀಲರ್ ಫೋನ್ ಮಾಡಿ ನಾವು ಖಾಸಗಿ ಜನರಿಂದ ಬಂದಿದ್ದು ತಗೊಳ್ಳಲ್ಲ ಅಂದ್ರು, ಬಾಕ್ಸು ವಾಪಸ್ ಬಂತು, ಎರಡು ಸಲ ಪೋಸ್ಟೇಜ್ ದಂಡ. ತಪ್ಪು ನಂದೇ, ಮೊದ್ಲೇ ಕೇಳ್ಬೇಕಿತ್ತು. ಅದಕ್ಕೇ ಯಾವ ದಾರಿ ಹಿಡಿದ್ರೂ ಮೊದ್ಲು ಆ ಡೀಲರ್‌ಗೆ ಫೋನ್ ಮಾಡಿ, ಲೈಸೆನ್ಸ್ ಕಾಪಿ ತರಿಸಿ, ಡೀಲರ್‌ಗಳಿಗೆ ಲೈಸೆನ್ಸ್ ಕೊಡೋ ಫೆಡರಲ್ ಇಲಾಖೆ ಎಟಿಎಫ್‌ನ ಈಝಿ ಚೆಕ್ ವೆಬ್ ಪುಟದಲ್ಲಿ ಆ ನಂಬರ್ ಹಾಕಿ ಲೈಸೆನ್ಸು, ವಿಳಾಸ ಎರಡೂ ತಾಳೆ ಆಗುತ್ತಾ ನೋಡಿ. ನಕಲಿ ಲೈಸೆನ್ಸ್ ಕಳ್ಸಿ ಗನ್ ಹೊಡ್ಕೊಂಡೋಗೋರು ಇರ್ತಾರೆ. ನೀವೇ ಕಳ್ಸೋದಾದ್ರೆ ಬಾಕ್ಸ್ ಒಳಗೆ ನಿಮ್ಮ ಐಡಿ ಕಾಪಿ, ಗಿರಾಕಿ ಹೆಸರು ಫೋನ್ ನಂಬರ್ ಬರೆದ ಚೀಟಿ ಹಾಕಿ, ಇಲ್ಲಾಂದ್ರೆ ಇದು ಯಾರ್ದು ಅಂತ ಡೀಲರ್ ಮೂಲೇಲಿ ಇಟ್ಟಿರ್ತಾನೆ. ಬ್ಯಾಕ್‌ಗ್ರೌಂಡ್ ಚೆಕ್ಕಲ್ಲಿ ಗಿರಾಕಿ ಫೇಲಾದ್ರೆ ದುಡ್ಡು ವಾಪಸ್ ಎಷ್ಟು, ಹಿಂದಕ್ಕೆ ಬರೋ ಖರ್ಚು ಯಾರ್ದು ಅನ್ನೋದನ್ನ ಈಗ್ಲೇ ಮೆಸೇಜಲ್ಲಿ ಮಾತಾಡ್ಕೊಂಡಿರಿ.

ಅಣ್ಣ ತಮ್ಮ ಅಂದ್ರೆ ನಡಿಯುತ್ತಾ ಅಂತಾನೂ ಸುಮಾರು ಜನ ಕೇಳ್ತಾರೆ. ನಡಿಯಲ್ಲ. ಬೇರೆ ಸ್ಟೇಟಲ್ಲಿರೋ ಸ್ವಂತ ತಮ್ಮನಿಗೆ ಗಿಫ್ಟ್ ಕೊಟ್ರೂ ಡೀಲರ್ ಮೂಲಕಾನೇ. ವಿಲ್‌ನಲ್ಲಿ ಅಥವಾ ವಾರಸುದಾರಿಕೆಯಲ್ಲಿ ಬಂದ ಗನ್‌ಗೆ ಮಾತ್ರ ಫೆಡರಲ್ ವಿನಾಯ್ತಿ ಇದೆ. ಒಂದೇ ಸ್ಟೇಟ್ ಒಳಗೆ ಸ್ವಲ್ಪ ಸಡಿಲ, ಆದ್ರೆ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಕೊಲರಾಡೋ ತರದ ಕಡೆ ಪಕ್ಕದ ಮನೆಯವ್ರಿಗೆ ಮಾರಿದ್ರೂ ಡೀಲರ್ ಬೇಕು.

ಇನ್ನೊಂದು ಮಾತು, ಇದು ನಿಮಗಲ್ಲ, ಇದನ್ನ ಓದ್ತಿರೋ ಎಚ್‌-1ಬಿ, ಎಫ್‌-1 ಹುಡುಗ್ರಿಗೆ. ವೀಸಾದಲ್ಲಿರೋರು ಹಂಟಿಂಗ್ ಲೈಸೆನ್ಸ್ ತರದ ಕೆಲವೇ ವಿನಾಯ್ತಿ ಬಿಟ್ರೆ ಇಲ್ಲಿ ಗನ್ ಇಟ್ಕೊಳ್ಳೋದೇ ಅಪರಾಧ, ಫ್ರೆಂಡ್ ಮಾರಿದ್ದನ್ನ ನಾನು ತಗೋತೀನಿ ಅಂತ ಹೋಗೋಕೆ ಮುಂಚೆ ವಕೀಲರನ್ನ ಕೇಳಿ. ಗ್ರೀನ್ ಕಾರ್ಡ್ ಆದ್ಮೇಲೆ ಆ ಅಡ್ಡಿ ಹೋಗುತ್ತೆ. ಕೊಡಗಿನ ಕಡೆಯವ್ರು ಒಬ್ರು ಒಂದ್ಸಲ ನನ್ ಹತ್ರ, ನಮಗೆ ಕೋವಿಗೆ ಲೈಸೆನ್ಸೇ ಬೇಡ, 2029ರ ತನಕ ವಿನಾಯ್ತಿ ಇದೆ ಅಂತ ಹೆಮ್ಮೆಯಿಂದ ಹೇಳಿದ್ರು. ಹೌದು ಮಾರಾಯ್ರೇ, ಕೈಲ್ ಪೊಳ್ದ್ ಹಬ್ಬಕ್ಕೆ ಹೂವು ಮುಡಿಸೋ ಆ ಕೋವಿಗೆ ಅಲ್ಲಿ ಇದೆ, ಇಲ್ಲಿನ ಡೀಲರ್ ಕೌಂಟರಲ್ಲಿ ಎಲ್ರಿಗೂ ಅದೇ 4473.