ಪಾದ್ರಿಗೆ ಬೇಡವಾದ ಪುರಾವೆ

ಕ್ರೈಸ್ತ ಧರ್ಮ ಮತ್ತು ವಿಜ್ಞಾನದ ವಿಷಯ ಎತ್ತಿದರೆ ಸಾಕು, ಮಾತು ನೇರವಾಗಿ 1633ರ ರೋಮ್‌ಗೆ ಹೋಗಿ ನಿಲ್ಲುತ್ತದೆ: ಧರ್ಮವಿಚಾರಣೆಯ ಪೀಠ, ವೃದ್ಧ ಗೆಲಿಲಿಯೊ, ಬಲವಂತದ ತಪ್ಪೊಪ್ಪಿಗೆ. ಆ ಕಳಂಕ ನಿಜ. ವಿಚಾರಣೆ ನಡೆಸಿದವರು ಎಡವಿದ್ದರೆಂದು ಪೋಪ್ ಒಬ್ಬರು ಬಹಿರಂಗವಾಗಿ ಹೇಳಲು 1992 ಬರಬೇಕಾಯಿತು. ಆದರೆ ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು ಇನ್ನೊಂದು ಪ್ರಸಂಗ. ಅಲ್ಲಿ ಚರ್ಚು ವಿಜ್ಞಾನವನ್ನು ದೂರ ತಳ್ಳಲಿಲ್ಲ, ಬಾಚಿ ತಬ್ಬಿಕೊಳ್ಳಲು ಹೊರಟಿತು. ಬೇಡವೆಂದು ತಡೆದವರು ಒಬ್ಬ ಪಾದ್ರಿ.

ಬೆಲ್ಜಿಯಂನ ಜಾರ್ಜ್ ಲೆಮೈತ್ರೆ ಮೊದಲ ಮಹಾಯುದ್ಧದಲ್ಲಿ ಫಿರಂಗಿ ಪಡೆಯಲ್ಲಿದ್ದವರು. 1923ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಖಗೋಳವಿಜ್ಞಾನಿ ಎಡಿಂಗ್ಟನ್ ಅವರ ಬಳಿ ಸಾಪೇಕ್ಷತಾ ಸಿದ್ಧಾಂತ ಕಲಿತರು. 1927ರಲ್ಲಿ ಅವರು ಪ್ರಕಟಿಸಿದ ಲೇಖನದ ತಿರುಳು ಇಷ್ಟು: ಐನ್‌ಸ್ಟೈನ್ ಸಮೀಕರಣಗಳ ಪ್ರಕಾರ ವಿಶ್ವ ಹಿಗ್ಗುತ್ತಿದೆ, ದೂರದ ಗೆಲಾಕ್ಸಿಗಳು ನಮ್ಮಿಂದ ಸರಿಯುತ್ತಿರುವುದು ಆ ಹಿಗ್ಗುವಿಕೆಯಿಂದಲೇ. ಇಂಥ ಪರಿಹಾರಗಳನ್ನು ರಷ್ಯಾದ ಫ್ರೀಡ್‌ಮನ್ 1922ರಲ್ಲೇ ಕಂಡುಕೊಂಡಿದ್ದರು. ಲೆಮೈತ್ರೆ ಅದನ್ನು ದೂರದರ್ಶಕದ ಮಾಹಿತಿಗೆ ಜೋಡಿಸಿ ಹಿಗ್ಗುವಿಕೆಯ ದರವನ್ನೂ ಲೆಕ್ಕ ಹಾಕಿದರು. ನಿಮ್ಮ ಗಣಿತ ಸರಿಯಾಗಿದೆ, ಭೌತವಿಜ್ಞಾನ ಮಾತ್ರ ಅಸಹ್ಯವಾಗಿದೆ ಎಂದು ಐನ್‌ಸ್ಟೈನ್ ಮುಖದ ಮೇಲೇ ಹೇಳಿದರು. ಎರಡು ವರ್ಷಗಳ ನಂತರ ಅಮೆರಿಕದ ಖಗೋಳವಿಜ್ಞಾನಿ ಹಬಲ್ ಅವರ ಅಳತೆಗಳು ಬಂದವು, ಹೆಸರೂ ಹಬಲ್ ಅವರಿಗೇ ಹೋಯಿತು. ಗೆಲಾಕ್ಸಿ ದೂರವಿದ್ದಷ್ಟೂ ವೇಗವಾಗಿ ಸರಿಯುತ್ತದೆಂಬ ಆ ನಿಯಮಕ್ಕೆ ಲೆಮೈತ್ರೆ ಹೆಸರನ್ನೂ ಸೇರಿಸಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಶಿಫಾರಸು ಮಾಡಿದ್ದು 2018ರಲ್ಲಿ.

ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿದರೆ? 1931ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ ಅವರು ವಿಶ್ವಕ್ಕೊಂದು ಆರಂಭವನ್ನು ಸೂಚಿಸಿದರು. ವಿಶ್ವವೆಲ್ಲ ಒಂದೇ ಪರಮಾಣು ಒಡೆದು ಹುಟ್ಟಿತೆಂಬ ಆ ಕಲ್ಪನೆ ಮುಂದೆ ‘ಆದಿ ಪರಮಾಣು’ ಎಂದು ಹೆಸರಾಯಿತು. ಆ ಪತ್ರದ ಬೆರಳಚ್ಚು ಪ್ರತಿಯ ಕೊನೆಯಲ್ಲಿ ಒಂದು ಪ್ಯಾರಾ ಇತ್ತು. ದೇವರು ಸ್ವಭಾವತಃ ಮರೆಯಲ್ಲಿರುವವನು, ಸೃಷ್ಟಿಯ ಮುಂದೆ ಭೌತವಿಜ್ಞಾನ ಒಂದು ತೆರೆ ಎಳೆದಿರುವುದನ್ನು ಕಂಡು ಭಕ್ತನಿಗೆ ಸಂತೋಷವಾಗಬಹುದು ಎಂಬ ಅರ್ಥದ ಮಾತುಗಳು. ಪ್ರಕಟಿಸುವ ಮುನ್ನ ಅದನ್ನು ಹೊಡೆದುಹಾಕಿದರು. ಅವರ ನಂಬಿಕೆ ಸಡಿಲವಾಗಿತ್ತೆಂದು ಇದರಿಂದ ತಿಳಿಯಬೇಕಿಲ್ಲ. ಆ ಮಾತಿಗೆ ಅದು ಜಾಗವಲ್ಲ ಎಂದು ಅವರಿಗೆ ಗೊತ್ತಿತ್ತು, ಅಷ್ಟೇ.

ಪೋಪ್ ಹನ್ನೆರಡನೆಯ ಪಯಸ್ ಅವರಿಗೆ ಈ ಸಂಕೋಚ ಇರಲಿಲ್ಲ. 1951ರ ನವೆಂಬರ್ 22ರಂದು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಬೈಬಲ್ಲಿನ ಆದಿಕಾಂಡದ ‘ಬೆಳಕಾಗಲಿ’ ಎಂಬ ಮೊದಲ ಗಳಿಗೆಗೆ ಇಂದಿನ ವಿಜ್ಞಾನವೇ ಸಾಕ್ಷಿಯಾಗಿದೆ ಎಂದರು. ಸೃಷ್ಟಿ ಎಂಬುದು ಕಾಲದ ಒಂದು ಗಳಿಗೆಯಲ್ಲಿ ನಡೆದಿದೆ, ಆದ್ದರಿಂದ ಸೃಷ್ಟಿಕರ್ತನಿದ್ದಾನೆ, ಆದ್ದರಿಂದ ದೇವರಿದ್ದಾನೆ. ಇದೇ ಸಂಪೂರ್ಣ ಪುರಾವೆಯಲ್ಲ ಎಂಬ ಎಚ್ಚರಿಕೆಯೂ ಭಾಷಣದಲ್ಲಿತ್ತು, ನಿಜ. ಚಪ್ಪಾಳೆಯ ನಡುವೆ ಅಂಥ ಎಚ್ಚರಿಕೆ ಯಾರಿಗೆ ಕೇಳಿಸುತ್ತದೆ? ಅಕಾಡೆಮಿಯ ಸದಸ್ಯರೇ ಆಗಿದ್ದ ಲೆಮೈತ್ರೆ ಕಸಿವಿಸಿಗೊಂಡರು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಡೇನಿಯಲ್ ಓಕಾನೆಲ್ ಮೂಲಕ ತಮ್ಮ ಕಳವಳವನ್ನು ಮೇಲಕ್ಕೆ ಮುಟ್ಟಿಸಿದರು. ಮರುವರ್ಷ ರೋಮ್‌ನಲ್ಲಿ ಖಗೋಳ ಒಕ್ಕೂಟದ ಸಮ್ಮೇಳನ ನಡೆದಾಗ ಪೋಪ್ ಆ ವಾದದ ತಂಟೆಗೆ ಹೋಗಲಿಲ್ಲ.

ಹೋಗದಿದ್ದದ್ದೇ ಒಳ್ಳೆಯದಾಯಿತು. ಅದೇ ಸಮ್ಮೇಳನದಲ್ಲಿ ಖಗೋಳವಿಜ್ಞಾನಿ ವಾಲ್ಟರ್ ಬಾಡೆ ಗೆಲಾಕ್ಸಿಗಳ ದೂರದ ಮಾಪನದಲ್ಲೇ ದೋಷವಿದೆಯೆಂದು ತೋರಿಸಿದರು. ದೂರಗಳು ಹೆಚ್ಚಾದದ್ದರಿಂದ ವಿಶ್ವದ ಅಂದಾಜು ವಯಸ್ಸೂ ಒಂದೇ ಏಟಿಗೆ ಸುಮಾರು ಇಮ್ಮಡಿಯಾಯಿತು.

ವಿಜ್ಞಾನದ ಇವತ್ತಿನ ಅಂಕಿಗೆ ದೇವರನ್ನು ಕಟ್ಟಿಹಾಕುವ ಚಪಲ ಪೋಪರೊಬ್ಬರದೇ ಅಲ್ಲ. ಗ್ರಹಗಳು ಒಂದನ್ನೊಂದು ಸೆಳೆಯುವುದರಿಂದ ಅವುಗಳ ಪಥ ಕಾಲಕ್ರಮದಲ್ಲಿ ಕೆಡುತ್ತದೆ, ಅದನ್ನು ಸರಿಪಡಿಸಲು ದೇವರ ಕೈ ಬೇಕು ಎಂದು ನ್ಯೂಟನ್ ಅವರಂಥವರೇ ನಂಬಿದ್ದರು. ಗುರು ಮತ್ತು ಶನಿಯ ಚಲನೆಯಲ್ಲಿ ಕಾಣುವ ಏರುಪೇರು ಸುಮಾರು 900 ವರ್ಷಗಳಿಗೊಮ್ಮೆ ತಾನಾಗಿಯೇ ಸರಿಹೋಗುತ್ತದೆಂದು 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಲೆಕ್ಕ ಹಾಕಿ ತೋರಿಸಿದ ಮೇಲೆ ದೇವರಿಗೆ ಆ ಕೆಲಸವೂ ಉಳಿಯಲಿಲ್ಲ. ಅಡಿಪಾಯದ ಕಲ್ಲು ಬೇರೆಯವರ ಹೊಲದಲ್ಲಿದ್ದರೆ ಹೀಗೇ ಆಗುವುದು.

ಎದುರು ಪಾಳಯದಲ್ಲೂ ಅದೇ ಕಥೆ. ‘ಬಿಗ್ ಬ್ಯಾಂಗ್’ (ಮಹಾಸ್ಫೋಟ) ಎಂಬ ಹೆಸರನ್ನು 1949ರ ಬಿಬಿಸಿ ಭಾಷಣವೊಂದರಲ್ಲಿ ಚಲಾವಣೆಗೆ ತಂದ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರಿಗೆ ವಿಶ್ವಕ್ಕೊಂದು ಆರಂಭ ಇದೆಯೆಂಬ ಮಾತಿನಲ್ಲೇ ಧರ್ಮದ ವಾಸನೆ ಬಡಿಯುತ್ತಿತ್ತು. ಆರಂಭವೇ ಇಲ್ಲದ ಸ್ಥಿರಸ್ಥಿತಿ ವಿಶ್ವವನ್ನು ಅವರು ಮುಂದಿಟ್ಟರು. ಕೊನೆಗೆ ಜಗಳ ಬಗೆಹರಿಸಿದ್ದು ಪೋಪರ ಹಿಗ್ಗೂ ಅಲ್ಲ, ಹಾಯ್ಲ್ ಅವರ ಅನುಮಾನವೂ ಅಲ್ಲ. ಅಮೆರಿಕದ ಖಗೋಳವಿಜ್ಞಾನಿಗಳಾದ ಪೆಂಜಿಯಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಹಿಡಿದು 1965ರಲ್ಲಿ ವರದಿ ಮಾಡಿದ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ಸುಮಾರು 3 ಕೆಲ್ವಿನ್ (ಅಂದರೆ ಸುಮಾರು −270 ಡಿಗ್ರಿ ಸೆಲ್ಸಿಯಸ್) ತಾಪದ ಮೈಕ್ರೋತರಂಗಗಳು. ಆದಿಕಾಲದ ಶಾಖದ ಈ ಕುರುಹಿನ ಸುದ್ದಿ 1966ರಲ್ಲಿ ಸಾಯುವ ಮೊದಲು ಲೆಮೈತ್ರೆ ಅವರಿಗೂ ತಲುಪಿತ್ತು. ಅಂದಹಾಗೆ ಅವರೇ ಹುಡುಕುತ್ತಿದ್ದ ಕುರುಹು ಬೇರೆ: ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಆದಿ ಪರಮಾಣುವಿನ ಚೂರುಗಳೆಂದು ಅವರು ನಂಬಿದ್ದರು. ಆ ಊಹೆ ಬಿದ್ದುಹೋಯಿತು. ಅವರ ಭಕ್ತಿಗಾಗಲಿ ಪಾದ್ರಿತನಕ್ಕಾಗಲಿ ಅದರಿಂದ ಏನೂ ಆಗಲಿಲ್ಲ, ಏಕೆಂದರೆ ಎರಡನ್ನೂ ಅವರು ಅದರ ಮೇಲೆ ನಿಲ್ಲಿಸಿರಲಿಲ್ಲ. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗಿದೆ, ದೇವರನ್ನು ಅಲ್ಲಗಳೆಯುವ ಭೌತವಾದಿಗೂ ಅದರಿಂದ ಅಡ್ಡಿಯಿಲ್ಲ ಎಂದು ಭೌತವಿಜ್ಞಾನಿಗಳ 1958ರ ಸಾಲ್ವೇ ಸಮ್ಮೇಳನದಲ್ಲಿ ಅವರು ಸ್ಪಷ್ಟವಾಗಿ ಹೇಳಿದ್ದರು.

ಮಹಾಸ್ಫೋಟಕ್ಕೂ ಮುಂಚೆ ಏನಿತ್ತು, ‘ಮುಂಚೆ’ ಎಂಬುದೇ ಇತ್ತೇ ಎಂದು ಇಂದು ಭೌತವಿಜ್ಞಾನಿಗಳು ಸಮೀಕರಣ ಹಿಡಿದು ಕಾದಾಡುತ್ತಿದ್ದಾರೆ. ಆ ಜಗಳ ಹೇಗೆ ಮುಗಿದರೂ ಅರಿಜೋನದ ಗ್ರಹಾಂ ಬೆಟ್ಟದ ಮೇಲೆ 1.8 ಮೀಟರ್ ಕನ್ನಡಿಯ ದೂರದರ್ಶಕ ಇಟ್ಟುಕೊಂಡಿರುವ ವ್ಯಾಟಿಕನ್ ವೀಕ್ಷಣಾಲಯದ ಜೆಸ್ವಿಟರು ತಮ್ಮ ಪ್ರಾರ್ಥನೆಯ ಪಠ್ಯವನ್ನು ತಿದ್ದಬೇಕಾಗಿ ಬರುವುದಿಲ್ಲ.