ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ತಾಳವಾಡಿ ಕಡೆಯವರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿ ಇಳಿಯಲೇಬೇಕು. ಇಪ್ಪತ್ತೇಳು ಹೇರ್‌ಪಿನ್ ತಿರುವು. ‘ಸೆಕೆಂಡ್ ಗೇರಿನಲ್ಲಿ ಇಳಿದರೆ ಇಂಜಿನ್ ಕಿರುಚುತ್ತೆ, ಪೆಟ್ರೋಲ್ ಸುಮ್ನೆ ಹಾಳಲ್ವಾ? ನ್ಯೂಟ್ರಲ್ ಮಾಡಿದರೆ ಉಳಿಯೋಲ್ವಾ?’

ಇಲ್ಲ, ಉಲ್ಟಾ. ಗೇರಿನಲ್ಲಿ ಇಳಿಯುವಾಗ ಇಂಜಿನ್‌ಗೆ ಪೆಟ್ರೋಲೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಹೋಗುತ್ತದೆ.

ಈಗಿನ ಕಾರುಗಳಲ್ಲಿ ಪೆಟ್ರೋಲ್ ಸಿಂಪಡಿಸುವುದು ಇಂಜೆಕ್ಟರ್. ಕರೆಂಟ್ ಬಂದಾಗ ಮಾತ್ರ ತೆರೆಯುವ ಪುಟ್ಟ ವಾಲ್ವ್ ಅದು. ಯಾವಾಗ, ಎಷ್ಟು ಹೊತ್ತು ತೆರೆಯಬೇಕು ಎಂದು ಹೇಳುವುದು ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್. ನೀವು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದಿದ್ದೀರಿ, ಆದರೂ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಜಾಸ್ತಿ ಇದೆ ಎಂದರೆ ಇಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿವೆ ಎಂದು ಅದಕ್ಕೆ ಗೊತ್ತಾಗುತ್ತದೆ. ಆಗ ಇಂಜೆಕ್ಟರ್‌ಗೆ ಕರೆಂಟ್ ಕೊಡುವುದನ್ನೇ ನಿಲ್ಲಿಸುತ್ತದೆ. ಮೀಟರ್ ಮುಳ್ಳು 3000 ತೋರಿಸುತ್ತಿದ್ದರೂ ಪಿಸ್ಟನ್‌ಗಳು ಬರೀ ಗಾಳಿ ಎಳೆದು ದಬ್ಬುತ್ತಿರುತ್ತವೆ. ಆ ಕಿರುಚಾಟ ಖರ್ಚಿನದ್ದಲ್ಲ.

ವೇಗ ತಗ್ಗಿ ಆರ್‌ಪಿಎಂ ಐಡ್ಲಿಂಗ್ (ಆಕ್ಸಿಲರೇಟರ್ ಕೊಡದೆ ಇಂಜಿನ್ ತಾನಾಗಿ ಓಡುವ ಸ್ಥಿತಿ) ಹತ್ತಿರ, ಅಂದರೆ ಸುಮಾರು 1000–1500ರೊಳಗೆ ಬಂದಾಗ ಮತ್ತೆ ಪೆಟ್ರೋಲ್ ಶುರು. ಇಲ್ಲದಿದ್ದರೆ ಇಂಜಿನ್ ಆಫ್ ಆಗಿಬಿಡುತ್ತದೆ. ಈ ಗಡಿ ಕಾರಿನಿಂದ ಕಾರಿಗೆ ಬೇರೆ.

ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಇಂಜಿನ್‌ಗೂ ಸಂಬಂಧ ತಪ್ಪುತ್ತದೆ. ಇಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಿರಬೇಕು, ಅದಕ್ಕೆ ಪೆಟ್ರೋಲ್ ಬೇಕು. ಸಣ್ಣ ಕಾರು ಐಡ್ಲಿಂಗ್‌ನಲ್ಲಿ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಕ್ಲಚ್ ತುಳಿದುಕೊಂಡೇ ಇಳಿದರೂ ಇದೇ ಕಥೆ.

ನಿಮ್ಮ ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ ಪಕ್ಕದಲ್ಲಿ ಕೂತವರಿಗೆ ನೋಡಲು ಹೇಳಿ. ಗೇರಿನಲ್ಲಿ ಕಾಲು ತೆಗೆದ ಒಂದೆರಡು ಸೆಕೆಂಡಿಗೆ ಅಂಕಿ ಕೊನೆಯ ಮಟ್ಟಕ್ಕೆ ಹಾರುತ್ತದೆ, ಕೆಲವದರಲ್ಲಿ 99.9. ಆಕ್ಸಿಲರೇಟರ್ ಚೂರು ಮುಟ್ಟಿ, ಕೂಡಲೇ ಇಳಿಯುತ್ತದೆ.

ಹಾಗಾದರೆ ಹಳಬರು ಹೇಳುತ್ತಿದ್ದದ್ದು ಸುಳ್ಳಾ? ಅಲ್ಲ, ಅವರದು ಕಾರ್ಬುರೇಟರ್ ಕಾಲ, ಅಂದರೆ ಇಂಜಿನ್ ಎಳೆಯುವ ಗಾಳಿಯೇ ಪೆಟ್ರೋಲನ್ನೂ ಎಳೆದು ತರುತ್ತಿದ್ದ ಕಾಲ. ಅಂಬಾಸಿಡರ್, ಪದ್ಮಿನಿಯಲ್ಲಿ ಕಾಲು ತೆಗೆದರೂ ಇಂಜಿನ್ ಎಳೆತಕ್ಕೆ ಪೆಟ್ರೋಲ್ ಬರುತ್ತಲೇ ಇತ್ತು. ಅಲ್ಲಿ ಆ ಲೆಕ್ಕ ಸರಿಯಿತ್ತು. ಕಾರು ಬದಲಾಯಿತು, ಬುದ್ಧಿಮಾತು ಮಾತ್ರ ಹಾಗೇ ಉಳಿಯಿತು.

ಒಂದು ಮಾತು ಒಪ್ಪಬೇಕು. ಹಾಸನೂರು ಆಸುಪಾಸಿನ ಸಣ್ಣ ಇಳಿತದಲ್ಲಿ ಗೇರಿನಲ್ಲಿದ್ದರೆ ಕಾರು ತಡೆದುಕೊಂಡು ನಿಧಾನವಾಗುತ್ತದೆ, ಮತ್ತೆ ಆಕ್ಸಿಲರೇಟರ್ ಕೊಡಬೇಕಾಗುತ್ತದೆ. ಅಲ್ಲಿ ಉಳಿತಾಯ ಏನೂ ಇಲ್ಲದಿರಬಹುದು. ಕಡಿದಾದ ಘಾಟಿಯ ಲೆಕ್ಕವೇ ಬೇರೆ.

ನಿಜ ಹೇಳಬೇಕೆಂದರೆ ಪೂರ್ತಿ ಘಾಟಿಗೂ ಉಳಿಯುವುದು ಕಾಲು ಲೀಟರಿನ ಆಸುಪಾಸು. ನನಗೆ ಅದಕ್ಕಿಂತ ದೊಡ್ಡದು ಬ್ರೇಕ್. ನ್ಯೂಟ್ರಲ್‌ನಲ್ಲಿ ಕಾರಿನ ಅಷ್ಟೂ ಭಾರ ಬ್ರೇಕ್ ಮೇಲೆ ಬೀಳುತ್ತದೆ. ತಿರುವು ತಿರುವಿಗೂ ಒತ್ತುತ್ತಾ ಹೋದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿತ ಕಡಿಮೆಯಾಗುತ್ತದೆ. ಕೆಲವರು ಕೀ ಆಫ್ ಮಾಡಿಯೂ ಇಳಿಯುತ್ತಾರೆ. ದಯವಿಟ್ಟು ಬೇಡ. ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ.

ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಹೆಚ್ಚುಕಮ್ಮಿ ಅದೇ ಗೇರ್. ದಿಂಬಂನಲ್ಲೇ ರಾತ್ರಿ ಉಳಿದು ಬೆಳಿಗ್ಗೆ ತಣ್ಣನೆಯ ಇಂಜಿನ್‌ನಲ್ಲಿ ಹೊರಟರೆ, ಅದು ಬಿಸಿಯಾಗುವ ತನಕ ಇಸಿಯು ಪೆಟ್ರೋಲ್ ನಿಲ್ಲಿಸದೇ ಇರಬಹುದು. ಆಗಲೂ ಗೇರಿನಲ್ಲೇ ಇಳಿಯಿರಿ.